ಆರಂಭ ಶಿಲ್ಕು ಸರಿ ಇರಲಿ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣ)



ಕ್ಯಾನ್ಸರಿಗೆ ರೇಡಿಯೇಶನ್, ಅಂದರೆ ನಾವು ಹೇಳುವ ‘ಕರೆಂಟ್ ಕೊಡುವುದು’, ಈಗ ನಮ್ಮ ಸಂಘಗಳಿಗೆ ಹೊಸ ಮಾತಲ್ಲ. ಆದರೆ ಮನೆಯವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: “ಸಿಸ್ಟರ್, ಮೊದಲೇ ಸ್ಕ್ಯಾನ್ ಮಾಡಿಸಿದ್ದೇವಲ್ಲ, ಪುನಃ ಯಾಕೆ? ದುಡ್ಡು ಮಾಡಲಿಕ್ಕಾ?” ಈ ಸಂಶಯದಿಂದ ಚಿಕಿತ್ಸೆ ಬಿಟ್ಟು ಬಂದವರೂ ಇದ್ದಾರೆ. ಅದಕ್ಕೇ ಇವತ್ತು ಇದನ್ನು ಮಾತಾಡೋಣ.

ಮೊದಲ ಸ್ಕ್ಯಾನ್ ಕಾಯಿಲೆ ಎಲ್ಲಿದೆ ಅಂತ ತೋರಿಸುತ್ತದೆ. ಎರಡನೆಯದು ಕಿರಣ ಎಲ್ಲಿಗೆ, ಎಷ್ಟು ಬೀಳಬೇಕು ಅಂತ ಲೆಕ್ಕ ಹಾಕಲಿಕ್ಕೆ. ಸಾಮಾನ್ಯ ಸ್ಕ್ಯಾನಿನ ಮಂಚ ಸ್ವಲ್ಪ ಬಾಗಿರುತ್ತದೆ; ಚಿಕಿತ್ಸೆಯ ಮಂಚ ಹಲಗೆಯಂತೆ ಚಪ್ಪಟೆ. ಮಂಚ ಬದಲಾದರೆ ಮೈ ಮಲಗುವ ರೀತಿ ಬದಲಾಗುತ್ತದೆ, ಒಳಗಿನ ಅಂಗಗಳೂ ಸರಿಯುತ್ತವೆ. ಆದ್ದರಿಂದ ಚಿಕಿತ್ಸೆಯ ದಿನ ಹೇಗೆ ಮಲಗುತ್ತೀರೋ ಹಾಗೇ ಮಲಗಿಸಿ ಸ್ಕ್ಯಾನ್ ತೆಗೆಯಬೇಕು.

ಸಂಘದ ಪುಸ್ತಕ ಬರೆಯುವವರಿಗೆ ಗೊತ್ತು, ಆರಂಭ ಶಿಲ್ಕು ತಪ್ಪಾದರೆ ಮುಂದಿನ ಎಲ್ಲ ತಿಂಗಳ ಲೆಕ್ಕವೂ ತಪ್ಪು. ಇಲ್ಲಿಯೂ ಹಾಗೆಯೇ. ಒಂದು ದಿನ ಮಲಗಿಸುವಾಗ ಹೆಚ್ಚುಕಮ್ಮಿಯಾದರೆ ಅದು ಆ ದಿನದ ತಪ್ಪು. ಈ ಸ್ಕ್ಯಾನೇ ತಪ್ಪಿದರೆ, 25 ದಿನದ ಚಿಕಿತ್ಸೆಯಲ್ಲಿ 25 ದಿನವೂ ಅದೇ ತಪ್ಪು. ಗಡ್ಡೆಗೆ ಕಿರಣ ಸಾಲದು, ಪಕ್ಕದ ಒಳ್ಳೆಯ ಅಂಗಕ್ಕೆ ಪೆಟ್ಟು.

ಹಾಗಾಗಿ ಯಂತ್ರಕ್ಕೂ ಪರೀಕ್ಷೆ ಉಂಟು. ತಕ್ಕಡಿಯನ್ನು ಗೊತ್ತಿರುವ ತೂಕದ ಬಟ್ಟಿನಿಂದ ನೋಡುವ ಹಾಗೆ, ನೀರು ತುಂಬಿದ ಡಬ್ಬವನ್ನು ಸ್ಕ್ಯಾನ್ ಮಾಡುತ್ತಾರೆ. ಸಿ.ಟಿ. ಲೆಕ್ಕದಲ್ಲಿ ನೀರಿಗೆ 0, ಗಾಳಿಗೆ ಮೈನಸ್ 1000. ನೀರಿನ ಅಂಕಿ 5ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು. ಮೈಮೇಲೆ ಗುರುತು ಹಾಕಲು ಬಳಸುವ ಲೇಸರ್ ಗೆರೆಗಳು 2 ಮಿಲಿಮೀಟರಿಗಿಂತ ಹೆಚ್ಚು ತಪ್ಪಬಾರದು. ಇದನ್ನೆಲ್ಲ ನೋಡಿಕೊಳ್ಳುವವರು ಮೆಡಿಕಲ್ ಫಿಸಿಸಿಸ್ಟ್. ನಮ್ಮ ದೇಶದಲ್ಲಿ ರೇಡಿಯೇಶನ್ ಕೇಂದ್ರ ನಡೆಸಲು, 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಬೆಳಿಗ್ಗೆ “ಯಂತ್ರ ಚೆಕ್ ಆಗ್ತಿದೆ, ಕಾಯಿರಿ” ಅಂದರೆ ಬೇಸರ ಮಾಡಬೇಡಿ. ಅದು ನಿಮಗಾಗಿಯೇ.

ಯಂತ್ರ ಸರಿ ಇದ್ದರೆ ಸಾಲದು, ನಮ್ಮ ಪಾಲಿನ ಕೆಲಸವೂ ಇದೆ:

1. ಮೈಮೇಲೆ ಹಾಕಿದ ಗುರುತನ್ನು ಸೋಪು ಹಾಕಿ ಉಜ್ಜಬೇಡಿ. ಮಾಸಿದರೆ ನೀವೇ ಪೆನ್ನಿನಿಂದ ತಿದ್ದಬೇಡಿ, ಸಿಬ್ಬಂದಿಗೆ ತಿಳಿಸಿ.

2. ಗರ್ಭಕೋಶದ ಕಂಠದ ಕ್ಯಾನ್ಸರಿಗೆ ಮೂತ್ರಕೋಶ ಎಷ್ಟು ತುಂಬಿದೆ ಎಂಬುದು ಮುಖ್ಯ. ಸ್ಕ್ಯಾನಿನ ದಿನ ಎಷ್ಟು ನೀರು ಕುಡಿಸಿ, ಎಷ್ಟು ಹೊತ್ತು ಕಾಯಿಸಿದರು ಎಂದು ಬರೆದಿಟ್ಟುಕೊಳ್ಳಿ. ಪ್ರತಿದಿನ ಅವರು ಹೇಳಿದಂತೆ ಅದನ್ನೇ ಪಾಲಿಸಿ.

3. ಲೋಹವಿದ್ದಲ್ಲಿ ಚಿತ್ರದಲ್ಲಿ ಗೆರೆ ಬಿದ್ದು ಅಂಕಿ ಕೆಡುತ್ತದೆ. ಸರ, ತಾಳಿ ತೆಗೆಯಲು ಹೇಳಿದರೆ ಹಿಂಜರಿಯಬೇಡಿ. ದೇಹದೊಳಗೆ ರಾಡ್, ಪ್ಲೇಟ್, ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ.

4. ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಸ್ಕ್ಯಾನಿಗೆ ಮೊದಲೇ ತಿಳಿಸಿ. ನಾಚಿಕೆ ಬೇಡ.

5. ನಡುವೆ ತೂಕ ತುಂಬಾ ಇಳಿದರೆ ತಿಳಿಸಿ. ಆಗ ಇನ್ನೊಂದು ಸ್ಕ್ಯಾನ್ ಬೇಕಾಗಬಹುದು. ಅದು ಮೋಸ ಅಲ್ಲ.

ಖರ್ಚಿನ ಚಿಂತೆ ನಿಜವೇ. ಬಿಪಿಎಲ್ ಕಾರ್ಡಿನವರು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಈ ಸ್ಕ್ಯಾನಿನ ಖರ್ಚು ಸೇರಿದೆಯೇ ಎಂದು ಮೊದಲೇ ವಿಚಾರಿಸಿ. “ಯಾಕೆ ಈ ಸ್ಕ್ಯಾನ್?” ಅಂತ ಕೇಳುವುದು ನಿಮ್ಮ ಹಕ್ಕು. ಆದರೆ ಉತ್ತರ ಕೇಳದೆ ಚಿಕಿತ್ಸೆ ಬಿಟ್ಟು ಬರಬೇಡಿ. ಒಬ್ಬ ಸದಸ್ಯೆಗೆ ಈ ಸ್ಕ್ಯಾನ್ ಇದ್ದರೆ ಸಂಘದಿಂದ ಇನ್ನೊಬ್ಬರು ಜೊತೆಗೆ ಹೋಗಿ. ಹೇಳಿದ್ದನ್ನು ಕೇಳಿ ಬರೆದುಕೊಳ್ಳಲು ಎರಡು ಕಿವಿಗಿಂತ ನಾಲ್ಕು ಕಿವಿ ಒಳ್ಳೆಯದು.