ಜ್ಞಾನದ ಜಾಲ ನಮ್ಮ ಕಾಲೇಜಿನ ಬಾಗಿಲು ದಾಟಿದೆಯೇ?

(ಪದವಿ ಕಾಲೇಜೊಂದರ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹೆತ್ತವರ ಸಭೆಗಳಲ್ಲಿ ಸಾಮಾನ್ಯವಾಗಿ ಮೂರು ವಿಷಯಗಳ ಚರ್ಚೆಯಾಗುತ್ತದೆ: ಶುಲ್ಕ, ಹಾಜರಿ ಮತ್ತು ಮೊಬೈಲ್. ಮೊದಲ ಎರಡನ್ನು ನಾವು ಆಡಳಿತ ಮಂಡಳಿಗೆ ಬಿಡುತ್ತೇವೆ. ಮೂರನೆಯದರ ಕುರಿತು ಇಲ್ಲಿ ನೆರೆದಿರುವ ತಂದೆ ತಾಯಂದಿರ ದೂರು ಏನೆಂಬುದು ನಮಗೆ ಗೊತ್ತಿದೆ. ಮಕ್ಕಳು ಇಂಟರ್‌ನೆಟ್‌ನಲ್ಲಿ ಏನು ನೋಡಬಾರದು ಎಂಬ ಬಗ್ಗೆ ನಾವು ಸಾಕಷ್ಟು ಉಪದೇಶ ಮಾಡಿದ್ದೇವೆ. ಆದರೆ ಅವರಿಗೆ ಅದೇ ಮಾಧ್ಯಮದಿಂದ ನ್ಯಾಯವಾಗಿ ಸಿಗಬೇಕಾದುದು ಏನು, ಅದು ಯಾಕೆ ಸಿಗುತ್ತಿಲ್ಲ, ಅದಕ್ಕಾಗಿ ಯಾರನ್ನು ಕೇಳಬೇಕು ಎಂಬ ಪ್ರಶ್ನೆಯನ್ನು ಎತ್ತಿದ್ದು ಬಹಳ ಕಡಿಮೆ. ಇಂದು ಆ ಪ್ರಶ್ನೆಯನ್ನೇ ನಿಮ್ಮ ಮುಂದಿಡಲು ಬಯಸುತ್ತೇವೆ.

ಇಂಟರ್‌ನೆಟ್ ಎಂದಾಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಮೊಬೈಲ್ ಕಂಪೆನಿಗಳ ರೀಚಾರ್ಜ್ ಪ್ಯಾಕ್. ವಸ್ತುತಃ ಅದರ ಹುಟ್ಟು ವ್ಯಾಪಾರದ ಅಂಗಳದಲ್ಲಿ ಆದುದಲ್ಲ. ವಿಶ್ವವಿದ್ಯಾನಿಲಯಗಳ ಮತ್ತು ಸಂಶೋಧನಾಲಯಗಳ ಕಂಪ್ಯೂಟರ್‌ಗಳನ್ನು ಪರಸ್ಪರ ಬೆಸೆಯುವ ಪ್ರಯತ್ನದಿಂದಲೇ ಅದು ಬೆಳೆದು ಬಂದಿದೆ. ಬ್ರಿಟನ್ ತನ್ನ ವಿಶ್ವವಿದ್ಯಾನಿಲಯಗಳಿಗಾಗಿ 1984ರಲ್ಲಿ ಜಾನೆಟ್ ಎಂಬ ಪ್ರತ್ಯೇಕ ಜಾಲವನ್ನು ಆರಂಭಿಸಿತು. ಅಮೆರಿಕದಲ್ಲಿ ಅದೇ ದಶಕದಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಅಂಥದೇ ಜಾಲವನ್ನು ಕಟ್ಟಿತು. ನಮ್ಮ ದೇಶವೂ ಹಿಂದೆ ಬೀಳಲಿಲ್ಲ. 1986ರಲ್ಲಿ ಕೇಂದ್ರ ಸರಕಾರದ ಇಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಅರ್ನೆಟ್ ಎಂಬ ಯೋಜನೆಯನ್ನು ಕೈಗೆತ್ತಿಕೊಂಡಿತು. ಐದು ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬೈಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ ಮತ್ತು ಸ್ವತಃ ಆ ಇಲಾಖೆ, ಹೀಗೆ ಎಂಟು ಸಂಸ್ಥೆಗಳು ಅದರಲ್ಲಿ ಸೇರಿದ್ದವು. ಆರಂಭದಲ್ಲಿ ಅದರ ವೇಗ ಸೆಕೆಂಡಿಗೆ 9.6 ಕಿಲೋಬಿಟ್ ಮಾತ್ರವಾಗಿತ್ತು. ಇಂದಿನ ಮಕ್ಕಳು ಕೇಳಿದರೆ ನಕ್ಕಾರು. ಆದರೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ನೀಡತೊಡಗಿದ್ದು 1995ರ ಆಗಸ್ಟ್ 15ರಂದು ಎಂಬುದನ್ನು ನೆನಪಿಟ್ಟರೆ, ಮಾರುಕಟ್ಟೆಗಿಂತ ಎಷ್ಟೋ ವರ್ಷ ಮುಂಚಿತವಾಗಿ ವಿದ್ಯಾಲಯಗಳು ಈ ದಾರಿಯಲ್ಲಿ ನಡೆದಿದ್ದವು ಎಂಬುದು ಸ್ಪಷ್ಟವಾಗುತ್ತದೆ.

ವಿದ್ಯಾಲಯಗಳಿಗೆ ಪ್ರತ್ಯೇಕ ಜಾಲ ಯಾಕೆ ಬೇಕು? ಕಂಪೆನಿಗಳಿಂದ ಸಂಪರ್ಕ ಕೊಂಡರೆ ಸಾಲದೇ? ಈ ಸಂಶಯ ಸಹಜವಾದುದು. ಕಂಪೆನಿಯು ಒಂದೇ ತಂತಿಯನ್ನು ಅನೇಕ ಗಿರಾಕಿಗಳಿಗೆ ಹಂಚುತ್ತದೆ. ಎಲ್ಲರೂ ಒಮ್ಮೆಲೇ ಬಳಸಲಾರರು ಎಂಬ ಲೆಕ್ಕಾಚಾರದ ಮೇಲೆ ಅದರ ಲಾಭ ನಿಂತಿದೆ. ಸಂಜೆ ಹೊತ್ತಿಗೆ ವೇಗ ಕುಸಿಯುವುದು ಇದೇ ಕಾರಣದಿಂದ. ಸಂಶೋಧನೆಯ ಅಗತ್ಯ ಹಾಗಲ್ಲ. ದೂರದರ್ಶಕವೊಂದರ, ವಂಶವಾಹಿ ಪರೀಕ್ಷೆಯೊಂದರ, ಹವಾಮಾನ ಲೆಕ್ಕಾಚಾರವೊಂದರ ಮಾಹಿತಿ ರಾಶಿ ರಾಶಿಯಾಗಿ ಒಮ್ಮೆಲೇ ಹರಿಯಬೇಕಾಗುತ್ತದೆ. ಸ್ವಿಟ್ಜರ್‌ಲ್ಯಾಂಡಿನ ಸರ್ನ್ ಪ್ರಯೋಗಾಲಯದ ಮಾಹಿತಿಯನ್ನು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಕೋಲ್ಕತಾದ ವಿಇಸಿಸಿ ಕೇಂದ್ರದಲ್ಲೂ ನಮ್ಮ ವಿಜ್ಞಾನಿಗಳು ವಿಶ್ಲೇಷಿಸುತ್ತಿದ್ದಾರೆ. ಇಂಥ ಕೆಲಸ ಮೊಬೈಲ್ ಪ್ಯಾಕಿನಲ್ಲಿ ನಡೆಯುವಂಥದಲ್ಲ. ಮೇಲಾಗಿ ಸಾವಿರ ಸಂಸ್ಥೆಗಳು ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಒಟ್ಟಾಗಿ ಕೊಂಡರೆ ಖರ್ಚು ಇಳಿಯುತ್ತದೆ. ಸಿರಿವಂತ ಸಂಸ್ಥೆಯ ಗ್ರಂಥಾಲಯವೂ ಸೂಪರ್ ಕಂಪ್ಯೂಟರೂ ಬಡ ಸಂಸ್ಥೆಯ ಕೈಗೆ ಎಟಕುತ್ತದೆ. ಇದು ಈ ಕಲ್ಪನೆಯ ನೈತಿಕ ತಿರುಳಾಗಿದೆ.

ಈ ಕಲ್ಪನೆಗೆ ನಮ್ಮಲ್ಲಿ ದೊಡ್ಡ ರೂಪ ಸಿಕ್ಕಿದ್ದು 2005ರ ಬಳಿಕ. ಅಂದಿನ ಪ್ರಧಾನಿ ಡಾ. ಮನಮೋಹನ್ ಸಿಂಗ್ ಅವರು ಸ್ಯಾಮ್ ಪಿತ್ರೋಡಾ ನೇತೃತ್ವದಲ್ಲಿ ರಾಷ್ಟ್ರೀಯ ಜ್ಞಾನ ಆಯೋಗವನ್ನು ರಚಿಸಿದರು. ದೇಶದ ಸುಮಾರು 5,000 ಸಂಸ್ಥೆಗಳನ್ನು ಕನಿಷ್ಠ 100 ಮೆಗಾಬಿಟ್ ವೇಗದಲ್ಲಿ ಬೆಸೆಯಬೇಕೆಂದು ಆಯೋಗ ಶಿಫಾರಸು ಮಾಡಿತು. 2009ರ ಎಪ್ರಿಲ್‌ನಲ್ಲಿ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಮೊದಲ ಹಂತವನ್ನು ಉದ್ಘಾಟಿಸಿದರು. 2010ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟವು ರಾಷ್ಟ್ರೀಯ ಜ್ಞಾನ ಜಾಲ ಯೋಜನೆಗೆ 10 ವರ್ಷಗಳ ಅವಧಿಗೆ 5,990 ಕೋಟಿ ರೂಪಾಯಿ ಮಂಜೂರು ಮಾಡಿತು. ಅನುಷ್ಠಾನದ ಹೊಣೆ ರಾಷ್ಟ್ರೀಯ ಮಾಹಿತಿ ಕೇಂದ್ರದ್ದು. ಆದರೆ ಆಯೋಗ ಹೇಳಿದ 5,000ದ ಗುರಿ ಸಂಪುಟದ ಮೇಜಿಗೆ ಬರುವಾಗ ಸುಮಾರು 1,500ಕ್ಕೆ ಇಳಿದಿತ್ತು.

ಈ ಸಂಖ್ಯೆಯ ಬಳಿ ಸ್ವಲ್ಪ ನಿಲ್ಲೋಣ. ಯೋಜನೆಯನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಬೆನ್ನೆಲುಬನ್ನು ಮೊದಲು ಕಟ್ಟದೆ ಕೈಕಾಲುಗಳನ್ನು ಜೋಡಿಸಲಾಗದು. 2015ರಲ್ಲಿ ಮಂಜೂರಾದ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್ ಕೂಡಾ ತನ್ನ ಯಂತ್ರಗಳನ್ನು ಇದೇ ಜಾಲದ ಮೂಲಕ ಬೆಸೆಯಲು ಉದ್ದೇಶಿಸಿತು. ಆ ಮಿಷನ್‌ನ ಪರಂ ಪ್ರವೇಗ ಯಂತ್ರ 2022ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪನೆಯಾಯಿತು. ಇವು ಅಭಿಮಾನದ ಸಂಗತಿಗಳು. ಆದರೆ 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ 45,000ಕ್ಕೂ ಹೆಚ್ಚು ಕಾಲೇಜುಗಳಿದ್ದವು. ಉನ್ನತ ಶಿಕ್ಷಣ ಪಡೆಯುತ್ತಿದ್ದವರ ಸಂಖ್ಯೆ ಸುಮಾರು 4.33 ಕೋಟಿ. ಇವರಲ್ಲಿ ಹೆಚ್ಚಿನವರು ಐಐಟಿಯಲ್ಲಿಲ್ಲ. ತಾಲೂಕು ಕೇಂದ್ರಗಳ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ, ಅನುದಾನಿತ ಕಾಲೇಜುಗಳಲ್ಲಿ, ಟ್ರಸ್ಟುಗಳು ನಡೆಸುವ ಮಹಿಳಾ ಕಾಲೇಜುಗಳಲ್ಲಿದ್ದಾರೆ. ಇಲ್ಲಿ ಕುಳಿತಿರುವ ನಿಮ್ಮ ಮಕ್ಕಳೂ ಅವರೇ.

ಅವರಿಗಾಗಿ ಬೇರೊಂದು ಯೋಜನೆ ಬಂದಿತ್ತು. 2009ರ ಫೆಬ್ರವರಿಯಲ್ಲಿ ಆರಂಭವಾದ ಮಾಹಿತಿ ತಂತ್ರಜ್ಞಾನದ ಮೂಲಕ ಶಿಕ್ಷಣದ ರಾಷ್ಟ್ರೀಯ ಮಿಷನ್. ಅದರಡಿ ವಿಶ್ವವಿದ್ಯಾನಿಲಯಗಳಿಗೆ 1 ಗಿಗಾಬಿಟ್ ವೇಗದ ಸಂಪರ್ಕ. ಕಾಲೇಜುಗಳಿಗೆ ಬಿಎಸ್‌ಎನ್‌ಎಲ್ ಮೂಲಕ 512 ಕಿಲೋಬಿಟ್ ವೇಗದ ಹತ್ತರಷ್ಟು ಬಿಡಿ ಸಂಪರ್ಕಗಳು. ಖರ್ಚಿನ ದೊಡ್ಡ ಪಾಲು ಕೇಂದ್ರದ್ದು, ಉಳಿದುದು ಸಂಸ್ಥೆಯದ್ದು. ಈ ಎರಡು ಅಂಕೆಗಳ ಅಂತರವನ್ನು ಲೆಕ್ಕ ಹಾಕಿ ನೋಡೋಣ. 300 ಮೆಗಾಬೈಟ್ ಗಾತ್ರದ ಒಂದು ಪಾಠದ ವೀಡಿಯೋ ಇದೆಯೆಂದಿಟ್ಟುಕೊಳ್ಳಿ. ಪೂರ್ಣ ವೇಗ ಸಿಕ್ಕಿದರೆ ವಿಶ್ವವಿದ್ಯಾನಿಲಯದಲ್ಲಿ ಅದು ಮೂರು ಸೆಕೆಂಡಿನೊಳಗೆ ಇಳಿಯುತ್ತದೆ. ಕಾಲೇಜಿನ ಒಂದು ಸಂಪರ್ಕದಲ್ಲಿ ಅದೇ ಪಾಠಕ್ಕೆ 78 ನಿಮಿಷ ಬೇಕು. ಅಂದರೆ ಪಾಠ ಬರುವುದರೊಳಗೆ ಪಿರಿಯಡ್ ಮುಗಿದು ಮುಂದಿನ ಗಂಟೆಯೂ ಬಾರಿಸಿರುತ್ತದೆ! ಒಂದೇ ದೇಶ, ಒಂದೇ ಪದವಿ, ಒಂದೇ ಪರೀಕ್ಷೆ. ಆದರೆ ಒಬ್ಬನಿಗೆ ಮೂರು ಸೆಕೆಂಡು, ಇನ್ನೊಬ್ಬಳಿಗೆ 78 ನಿಮಿಷ.

ನಮ್ಮ ಊರುಗಳ ಕುಡಿಯುವ ನೀರಿನ ಯೋಜನೆಯನ್ನು ನೆನಪಿಸಿಕೊಳ್ಳಿ. ಹೊಳೆಯಿಂದ ಊರಿನ ಟ್ಯಾಂಕಿನ ವರೆಗೆ ಆಳೆತ್ತರದ ಕೊಳವೆ ಹಾಕುತ್ತಾರೆ. ಸಚಿವರು ಬಂದು ಉದ್ಘಾಟಿಸುತ್ತಾರೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಟ್ಯಾಂಕಿನಿಂದ ಮನೆಯ ವರೆಗಿನ ಅರ್ಧ ಇಂಚಿನ ಪೈಪನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ತಾಯಂದಿರು ಕೊಡಪಾನ ಹಿಡಿದು ಸಾಲಿನಲ್ಲಿ ನಿಲ್ಲುವುದು ತಪ್ಪುವುದಿಲ್ಲ. ಜ್ಞಾನದ ಜಾಲದ ಕಥೆಯೂ ಇದಕ್ಕಿಂತ ತೀರಾ ಭಿನ್ನವಲ್ಲ.

ಆ ಪೈಪಿನ ಕೊನೆಯಲ್ಲಿ ಇನ್ನೊಂದು ತಡೆಯೂ ಇದೆ. ಅದು ದಿಲ್ಲಿಯಲ್ಲಿಲ್ಲ, ನಮ್ಮೊಳಗಿದೆ. ಕೆಲವು ವರ್ಷಗಳ ಹಿಂದೆ ನಾವು ಒಂದು ಕಾಲೇಜಿಗೆ ಹೋಗಿದ್ದೆವು. ಸಂಪರ್ಕ ಇತ್ತು, ಕಂಪ್ಯೂಟರ್‌ಗಳೂ ಇದ್ದವು. ಆದರೆ ಅವುಗಳಿಗೆ ಬಟ್ಟೆ ಹೊದಿಸಿ ಕೋಣೆಗೆ ಬೀಗ ಹಾಕಲಾಗಿತ್ತು. ಬೀಗದ ಕೈ ಕಚೇರಿಯಲ್ಲಿ. ವಿಚಾರಿಸಿದಾಗ, "ಮಕ್ಕಳು ಹಾಳು ಮಾಡುತ್ತಾರೆ ಸಾರ್, ತಪಾಸಣೆಗೆ ಬರುವವರಿಗೆ ತೋರಿಸಲು ಬೇಕಲ್ಲ" ಎಂಬ ಉತ್ತರ ಸಿಕ್ಕಿತು. ಹಾಳಾಗುವುದು ಯಂತ್ರವೋ ಮಕ್ಕಳ ಭವಿಷ್ಯವೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಆ ಮೌನದ ಬಗ್ಗೆ ನಮಗೆ ಇಂದಿಗೂ ಖೇದವಿದೆ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಹಳೆಯ ಅನುಭವವೊಂದಿದೆ. ಶಿಕ್ಷಣಕ್ಕೆಂದೇ ರೂಪಿಸಿದ ಎಜುಸ್ಯಾಟ್ ಉಪಗ್ರಹ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಹಾರಿತು. ಅದರ ಪ್ರಾಯೋಗಿಕ ಹಂತಕ್ಕೆ ಆಯ್ಕೆಯಾದವುಗಳಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ ಒಂದು. ನುರಿತ ಅಧ್ಯಾಪಕರೊಬ್ಬರ ಪಾಠ ದೂರದ ಇಂಜಿನಿಯರಿಂಗ್ ಕಾಲೇಜಿನ ತರಗತಿಗೆ ತಲುಪಬಲ್ಲುದೆಂದು ಅದು ತೋರಿಸಿಕೊಟ್ಟಿತು. 2010ರಲ್ಲಿ ಆ ಉಪಗ್ರಹದ ಸೇವೆ ಕೊನೆಗೊಂಡಿತು. ಯಂತ್ರಗಳಿಗೆ ಆಯುಷ್ಯವಿದೆ. ಅವು ಹೋದ ಬಳಿಕವೂ ಪಾಠ ಮುಂದುವರಿಯಬೇಕಾದರೆ ತರಗತಿಯಲ್ಲಿ ಅದನ್ನು ಬಳಸುವ ಅಭ್ಯಾಸ ಬೇರೂರಬೇಕು.

2020ರಲ್ಲಿ ಕೊರೋನಾ ಬಂದಾಗ ಈ ಎಲ್ಲ ಕೊರತೆಗಳು ಒಮ್ಮೆಲೇ ಬಯಲಾದವು. ಕಾಲೇಜುಗಳು ಮುಚ್ಚಿದವು, ತರಗತಿಗಳು ಮೊಬೈಲಿಗೆ ಬಂದವು. ಕಾಲೇಜಿನ ಗೇಟಿನ ವರೆಗೆ ಬಂದಿದ್ದ ಜಾಲ ವಿದ್ಯಾರ್ಥಿಯ ಮನೆಗೆ ಬರಲಿಲ್ಲ. ಅದನ್ನು ಹಾಗೆ ಕಟ್ಟಿಯೂ ಇರಲಿಲ್ಲ. ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. ಒಂದೇ ಮೊಬೈಲ್ ಇದ್ದ ಮನೆಗಳಲ್ಲಿ ಅಣ್ಣನ ತರಗತಿಯೋ ತಂಗಿಯ ತರಗತಿಯೋ ಎಂಬ ಪ್ರಶ್ನೆ ಎದ್ದಿತು. ಆ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಏನು ಉತ್ತರ ಸಿಕ್ಕಿತೆಂಬುದನ್ನು ಪ್ರತಿಯೊಬ್ಬರೂ ತಮ್ಮ ಎದೆ ಮುಟ್ಟಿ ನೋಡಿಕೊಳ್ಳಲಿ. ಇನ್ನು ಕಾಶ್ಮೀರದ ವಿದ್ಯಾರ್ಥಿಗಳ ಸ್ಥಿತಿ ಬೇರೆಯೇ. 2019ರ ಆಗಸ್ಟ್‌ನಲ್ಲಿ ಅಲ್ಲಿ ಇಂಟರ್‌ನೆಟ್ ಸ್ಥಗಿತವಾಯಿತು. 2020ರ ಜನವರಿಯಲ್ಲಿ ಸುಪ್ರೀಮ್ ಕೋರ್ಟ್ ಇಂಥ ಸ್ಥಗಿತವು ಅನಿರ್ದಿಷ್ಟಾವಧಿಯದ್ದಾಗಿರಬಾರದೆಂದು ಹೇಳಿತು. ಆದರೂ 4ಜಿ ಎಲ್ಲೆಡೆ ಮರಳಿದ್ದು 2021ರ ಫೆಬ್ರವರಿಯಲ್ಲಿ. ಸಾಂಕ್ರಾಮಿಕದ ಆ ಕಾಲವನ್ನು ಅಲ್ಲಿನ ಹೆಚ್ಚಿನ ವಿದ್ಯಾರ್ಥಿಗಳು 2ಜಿ ವೇಗದಲ್ಲಿ ಕಳೆದರು. ಜಾಲವನ್ನು ಕಟ್ಟುವುದು ಸರಕಾರದ ಸಾಧನೆಯಾದರೆ ಅದನ್ನು ಕಡಿಯುವುದಕ್ಕೂ ಸರಕಾರ ಉತ್ತರ ಕೊಡಬೇಕು. ಈ ಮಾತನ್ನು ಯಾವ ಪಕ್ಷದ ಸರಕಾರಕ್ಕಾದರೂ ಹೇಳಬೇಕಾಗುತ್ತದೆ.

ಹಾಗಾದರೆ ನಿರಾಶೆಯೇ ಗತಿಯೇ? ಖಂಡಿತ ಅಲ್ಲ. ಈ ಜಾಲದಲ್ಲಿ ಹರಿಯುವ ಸಂಪತ್ತು ಸಣ್ಣದಲ್ಲ. ಐಐಟಿಗಳು ಮತ್ತು ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಪಾಠಗಳಿವೆ. 2017ರಲ್ಲಿ ಬಂದ ಸ್ವಯಂ ವೇದಿಕೆಯಿದೆ. ಖರಗ್‌ಪುರದ ಐಐಟಿ ರೂಪಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವಿದೆ. ಪಿಎಚ್‌ಡಿ ಪ್ರಬಂಧಗಳ ಭಂಡಾರವಾದ ಶೋಧಗಂಗಾ ಇದೆ. ಬಾಂಬೆ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದಲ್ಲಿಯೂ ಇವೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟವು ಒಂದು ರಾಷ್ಟ್ರ ಒಂದು ಚಂದಾ ಯೋಜನೆಗೆ ಒಪ್ಪಿಗೆ ನೀಡಿ, ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ಒದಗಿಸಿತು. 30 ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳನ್ನು 6,300ರಷ್ಟು ಸಂಸ್ಥೆಗಳಿಗೆ ತಲುಪಿಸುವುದು ಅದರ ಗುರಿ. ಆದರೆ ಈ ಹಂತ ಕೇಂದ್ರ ಮತ್ತು ರಾಜ್ಯ ಸರಕಾರಗಳ ಆಡಳಿತದಲ್ಲಿರುವ ಸಂಸ್ಥೆಗಳಿಗಾಗಿ ರೂಪಿತವಾದುದು. ಟ್ರಸ್ಟುಗಳ ಖಾಸಗಿ ಕಾಲೇಜುಗಳು ಹೊರಗೆ ಉಳಿದಿವೆ. ತೆರಿಗೆಯ ಹಣದಿಂದ ಕೊಂಡ ಪತ್ರಿಕೆಯನ್ನು ತೆರಿಗೆ ಕಟ್ಟುವ ತಂದೆಯ ಮಗಳು ಓದಲಾಗದಿದ್ದರೆ ಅದು ನ್ಯಾಯವೇ ಎಂದು ನಮ್ಮ ಶಾಸಕರು, ಸಂಸದರು ಕೇಳಬೇಕು. ಅವರು ಕೇಳುವಂತೆ ಮಾಡಬೇಕಾದುದು ನಾವು.

ಹೆತ್ತವರೇ, ಮದುವೆಯ ಒಂದು ದಿನದ ಪೆಂಡಾಲಿಗೆ ನಾವು ಸುರಿಯುವ ಹಣದಲ್ಲಿ ಒಂದು ಕಾಲೇಜಿನ ಗ್ರಂಥಾಲಯಕ್ಕೆ ವರ್ಷಗಟ್ಟಲೆ ಉತ್ತಮ ಸಂಪರ್ಕ ಕೊಡಿಸಬಹುದು. ಸಭಾಂಗಣಕ್ಕೆ ಟೈಲ್ಸ್ ಹಾಕಿಸುವ ದಾನಿಗಳು ನಮ್ಮಲ್ಲಿ ಧಾರಾಳವಾಗಿದ್ದಾರೆ. ತಂತಿ ಕಣ್ಣಿಗೆ ಕಾಣುವುದಿಲ್ಲ, ಅದರ ಮೇಲೆ ಹೆಸರಿನ ಫಲಕ ಹಾಕಲಾಗುವುದಿಲ್ಲ. ಬಹುಶಃ ಅದಕ್ಕಾಗಿಯೇ ದಾನಿಗಳು ಅತ್ತ ತಿರುಗುತ್ತಿಲ್ಲ. ಈ ಮನೋಭಾವ ಬದಲಾಗಬೇಕು.

ಕೊನೆಯದಾಗಿ ಮೂರು ಪ್ರಶ್ನೆಗಳನ್ನು ನಿಮ್ಮ ಕೈಗಿತ್ತು ನಮ್ಮ ಮಾತು ಮುಗಿಸುತ್ತೇವೆ. ಮುಂದಿನ ಸಭೆಗೆ ಬರುವಾಗ ಇವುಗಳನ್ನು ಆಡಳಿತ ಮಂಡಳಿಯ ಮುಂದಿಡಿ. ಒಂದು, ಈ ಕಾಲೇಜಿಗೆ ಯಾವ ಸಂಪರ್ಕ ಇದೆ, ಅದರ ವೇಗ ಎಷ್ಟು? ಎರಡು, ಗ್ರಂಥಾಲಯದ ಕಂಪ್ಯೂಟರ್‌ಗಳ ಕೋಣೆ ದಿನಕ್ಕೆ ಎಷ್ಟು ಗಂಟೆ ತೆರೆದಿರುತ್ತದೆ, ಅಲ್ಲಿ ಹೆಣ್ಮಕ್ಕಳಿಗೆ ಸಮಾನ ಅವಕಾಶ ಇದೆಯೇ? ಮೂರು, ಸರಕಾರ ಉಚಿತವಾಗಿ ಒದಗಿಸಿರುವ ಪಾಠಗಳನ್ನು ಬಳಸಲು ಮಕ್ಕಳಿಗೆ ಯಾರಾದರೂ ಕಲಿಸಿಕೊಟ್ಟಿದ್ದಾರೆಯೇ? ಇವಕ್ಕೆ ದಿಲ್ಲಿಯ ಅನುಮತಿ ಬೇಡ, ಕೋಟಿ ರೂಪಾಯಿಯೂ ಬೇಡ. ಮೊದಲು ಕೋಣೆಯ ಬೀಗ ತೆರೆಯಲಿ. ಬೀಗ ತೆರೆದ ಕಾಲೇಜಿಗೆ ಮಾತ್ರ ಸರಕಾರದೊಡನೆ ವೇಗ ಕೇಳುವ ನೈತಿಕ ಹಕ್ಕಿದೆ. ಆ ಹಕ್ಕನ್ನು ಗಳಿಸಿ, ಅನಂತರ ಗಟ್ಟಿಯಾಗಿ ಕೇಳೋಣ.