ಅಂಗಳದಿಂದ ಪರದೆಗೆ

1996ರ ಡಿಸೆಂಬರ್. ಮ್ಯಾಂಚೆಸ್ಟರ್ ಯುನೈಟೆಡ್‌ನ ಎರಿಕ್ ಕ್ಯಾಂಟೊನಾ ಸಂಡರ್‌ಲ್ಯಾಂಡ್ ಗೋಲ್‌ಕೀಪರನ ತಲೆಯ ಮೇಲಿಂದ ಚೆಂಡು ತೇಲಿಸಿ ಗೋಲು ಹೊಡೆದ. ಕುಣಿಯಲಿಲ್ಲ, ಕಾಲರ್ ನಿಮಿರಿಸಿ, ಎದೆಯುಬ್ಬಿಸಿ, ನಿಂತಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿದ. ಅದು ಅಪ್ಪಟ ನಟನೆಯೇ. ಹಾಗಾಗಿ ಐದೇ ತಿಂಗಳಲ್ಲಿ, 30ರ ಹರೆಯದಲ್ಲೇ, ಆತ ಆಟ ಬಿಟ್ಟು ಸಿನಿಮಾದತ್ತ ಹೊರಳಿದ್ದನ್ನು ದಾರಿ ಬದಲಾವಣೆ ಎನ್ನಲು ನನಗೆ ಮನಸ್ಸಿಲ್ಲ.

ಹೆಸರಿದ್ದವನಿಗೆ ಪಾತ್ರ ಸಿಗುವುದೇನು ಮಹಾ ಎನ್ನಬಹುದು. ಒಪ್ಪೋಣ; 1998ರ ‘ಎಲಿಜಬೆತ್’ನಲ್ಲಿ ನಮ್ಮ ಶೇಖರ್ ಕಪೂರ್ ಆತನನ್ನು ಫ್ರೆಂಚ್ ರಾಯಭಾರಿಯಾಗಿಸಿದಾಗ ಆ ಹೆಸರೂ ಕೆಲಸ ಮಾಡಿರಬಹುದು. ಆದರೆ 2009ರ ‘ಲುಕಿಂಗ್ ಫಾರ್ ಎರಿಕ್’ನಲ್ಲಿ, ಸೋತ ಅಂಚೆಯವನೊಬ್ಬನ ಕಲ್ಪನೆಯ ಕ್ಯಾಂಟೊನಾ ಆಗಿ, ಆತ ತನ್ನ ಗತ್ತನ್ನೇ ಗೇಲಿ ಮಾಡಿಕೊಂಡ. 2020ರ ‘ಡೆರಪಾಜ್’ ಸರಣಿಯಲ್ಲಂತೂ ಆತ ಕೆಲಸ ಕಳೆದುಕೊಂಡ ನಡುವಯಸ್ಕ. ಅಲ್ಲಿ ಕಾಲರೂ ಇಲ್ಲ, ಚೆಂಡೂ ಇಲ್ಲ.