ಮುತ್ಯಾನ ಗಾಡಿಗೆ ಸೈಡ್‌ಕಾರ್

ನಿಮ್ಮ ಮನೆಯ ಹಿತ್ತಲಿನಲ್ಲಿ, ಗೋಣಿತಟ್ಟಿನ ಕೆಳಗೆ, ಒಂದು ಹಳೆಯ ಮೋಟಾರ್‌ಸೈಕಲ್ ಮಲಗಿರಬಹುದು. ಗುಜರಿಗೆ ಹಾಕಲು ಮನಸ್ಸು ಬಾರದು. ಓಡಿಸಲು ಧೈರ್ಯ ಸಾಲದು. ಅಂಥದೊಂದು ಗಾಡಿ ಭೀಮರಾಯನಗುಡಿಯ ನಮ್ಮ ಮನೆಯಲ್ಲೂ ಇದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಕ್ಯಾಂಪಾಗಿ ಬೆಳೆದ ಊರು ನಮ್ಮದು. ನಮ್ಮ ತಂದೆಯವರು ಕಾಲುವೆ ತೋಡುವ ದಿನಗಳಲ್ಲಿ ಕೆಲಸದ ಮೇಲೆ ಓಡಾಡಿದ್ದು ಇದೇ ಗಾಡಿಯ ಮೇಲೆ. ಅದು 1968ರ ಜಾವಾ.

ಕಳೆದ ಬೇಸಗೆಯಲ್ಲಿ ನನ್ನ ಅಕ್ಕನ ಮಗ ರಜೆಗೆ ಬಂದಿದ್ದ. ಚೀನಾದೇಶದ ಹಳೆಯ ಸೈಡ್‌ಕಾರ್ ಗಾಡಿಗಳ ಚಿತ್ರಗಳನ್ನು ನೋಡಿ ಅವನ ತಲೆಯಲ್ಲಿ ಒಂದು ಹುಳು ಹೊಕ್ಕಿತ್ತು. "ಮಾಮಾ, ಮುತ್ಯಾನ ಗಾಡಿಗೆ ಸೈಡ್‌ಕಾರ್ ಹಚ್ಚೋಣ. ಹಸಿರು ಬಣ್ಣ ಬಳಿಯೋಣ. ಮುತ್ಯಾನ್ನ ಕೂಡಿಸಿಕೊಂಡು ಕಾಲುವಿ ತನಕ ಹೋಗೋಣ" ಎಂದ. ಮೊಣಕಾಲು ನೋವಿನಿಂದ ತಂದೆಯವರು ಗಾಡಿ ಏರುವುದನ್ನು ಬಿಟ್ಟು ವರ್ಷಗಳಾಗಿದ್ದವು. ಹುಡುಗನ ಆಸೆಯನ್ನು ನಗೆಯಾಡಿ ತಳ್ಳಿಹಾಕುವಂತಿರಲಿಲ್ಲ.

ಆ ಚೀನೀ ಗಾಡಿಯ ಹೆಸರು ಚಾಂಗ್ ಜಿಯಾಂಗ್ 750. ಚಾಂಗ್ ಜಿಯಾಂಗ್ ಎಂದರೆ ಉದ್ದನೆಯ ನದಿ. ನಾವು ಯಾಂಗ್‌ಟ್ಸಿ ಎಂದು ಕರೆಯುವ ನದಿಯೇ ಅದು. ಜರ್ಮನಿಯಲ್ಲಿ 1938ರಲ್ಲಿ ಬಂದ ಬಿ.ಎಂ.ಡಬ್ಲ್ಯು. ಆರ್-71 ಎಂಬ ಗಾಡಿಯನ್ನು ನೋಡಿ ರಷ್ಯನ್ನರು ಎಂ-72ನ್ನು ಮಾಡಿದರು. ಅದನ್ನು ಅನುಸರಿಸಿ ಚೀನಾದ ನಾನ್‌ಚಾಂಗ್ ನಗರದಲ್ಲಿ 1957ರ ಸುಮಾರಿಗೆ ಇದು ಹುಟ್ಟಿತು. 746 ಸಿ.ಸಿ.ಯ ಎಂಜಿನ್, ಎಡಕ್ಕೊಂದು ಬಲಕ್ಕೊಂದು ಚಾಚಿದ ಸಿಲಿಂಡರ್, ಸುಮಾರು 22 ಅಶ್ವಶಕ್ತಿ. ಸೈಡ್‌ಕಾರನ್ನು ಎಳೆಯಲೆಂದೇ ಕಟ್ಟಿದ ಗಾಡಿ ಅದು. ಸೈನ್ಯದ ಕೆಲಸ ಮುಗಿಸಿದ ಇಂಥ ಗಾಡಿಗಳನ್ನು ಹುಡುಕಿ ತಂದು, ಬಿಚ್ಚಿ, ಬಣ್ಣ ಹಾಕಿ, ತಮಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುವ ಹವ್ಯಾಸಿಗಳು ಇಂದು ಹಲವು ದೇಶಗಳಲ್ಲಿದ್ದಾರೆ.

ನಮ್ಮ ಜಾವಾದ ಕುಲವೇ ಬೇರೆ. ಮೂಲ ಚೆಕೊಸ್ಲೊವಾಕಿಯದ್ದಾದರೂ ಇದು ಹುಟ್ಟಿದ್ದು ನಮ್ಮ ಮೈಸೂರಿನಲ್ಲಿ. ಅಲ್ಲಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಕೆಲಸ ತೊಡಗಿತು. 1970ರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಿಕ್ ಹೊಡೆಯುವ ಕಾಲುಪಟ್ಟಿಯನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಹಾಕುವ ಪಟ್ಟಿಯಾಗುವುದು ಇದರ ವಿಶೇಷ. ಒಂದೇ ಸಿಲಿಂಡರ್, ಎರಡು ಹೊಗೆಕೊಳವೆ, 250 ಸಿ.ಸಿ. ಎಂಜಿನ್. ಶಕ್ತಿ ಚೀನೀ ಗಾಡಿಯ ಅರ್ಧದಷ್ಟು.

ಶಹಾಪುರದ ಹಿರಿಯ ಮಿಸ್ತ್ರಿಯೊಬ್ಬರನ್ನು ಕರೆಸಿದೆವು. ಹುಡುಗ ಹೋಗಿ ಕಿಕ್ ಮೇಲೆ ಕಾಲಿಟ್ಟ. ಮಿಸ್ತ್ರಿ ತಡೆದರು. ಬಹುಕಾಲ ನಿಂತ ಎಂಜಿನ್ನನ್ನು ಒಮ್ಮೆಲೇ ಒದೆಯಬಾರದು. ಪ್ಲಗ್ ತೆಗೆದು, ಆ ರಂಧ್ರದಲ್ಲಿ ಒಂದು ಚಮಚ ಎಣ್ಣೆ ಬಿಟ್ಟು, ಒಂದೆರಡು ದಿನ ಬಿಟ್ಟು, ಮೆಲ್ಲಗೆ ತಿರುಗಿಸಬೇಕು. ಟ್ಯಾಂಕಿನ ತುಕ್ಕು ತೆಗೆಯದೆ ಪೆಟ್ರೋಲ್ ಹಾಕಬಾರದು. ಎಲ್ಲಕ್ಕಿಂತ ಮುಖ್ಯವಾದುದು ಆಯಿಲ್ ಸೀಲು. ಟೂ-ಸ್ಟ್ರೋಕ್ ಎಂಜಿನ್ನಿನ ಕೆಳಗಿನ ಪೆಟ್ಟಿಗೆಯೊಳಗೂ ಪೆಟ್ರೋಲ್ ಬೆರೆತ ಗಾಳಿ ಹಾಯ್ದು ಹೋಗುತ್ತದೆ. ಸೀಲು ಒಣಗಿ ಸೀಳಿದ್ದರೆ ಹೊರಗಿನ ಗಾಳಿ ನುಗ್ಗುತ್ತದೆ. ಮಿಶ್ರಣ ತೆಳ್ಳಗಾಗಿ ಎಂಜಿನ್ ಕಾಯ್ದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಬಣ್ಣಕ್ಕೆ ಸಾವಿರಾರು ರೂಪಾಯಿ ಸುರಿದು, ಅಗ್ಗದ ಸೀಲನ್ನು ಮರೆಯುವವರೇ ಹೆಚ್ಚೆಂದು ಮಿಸ್ತ್ರಿ ಹೇಳಿದರು.

ಇನ್ನು ಸೈಡ್‌ಕಾರಿನ ಮಾತು. ಚೀನಾದಲ್ಲಿ ರಸ್ತೆಯ ಬಲಬದಿಯ ಸಂಚಾರ. ಆದುದರಿಂದ ಅಲ್ಲಿ ಅದು ಬಲಕ್ಕಿರುತ್ತದೆ. ನಮ್ಮಲ್ಲಿ ಎಡಕ್ಕೇ ಬೇಕು. ಅದು ಎಡಕ್ಕಿದ್ದರೆ ವೇಗ ಏರಿಸಿದಾಗ ಗಾಡಿ ಎಡಕ್ಕೆ ಎಳೆಯುತ್ತದೆ, ಬ್ರೇಕ್ ಹಾಕಿದಾಗ ಬಲಕ್ಕೆ. ಎಡಕ್ಕೆ ಗಕ್ಕನೆ ತಿರುಗಿಸಿದರೆ ಖಾಲಿ ಸೈಡ್‌ಕಾರಿನ ಗಾಲಿ ನೆಲ ಬಿಟ್ಟೇಳುತ್ತದೆ. ಈ ಎಳೆತವನ್ನು ತಗ್ಗಿಸಲು ಪಕ್ಕದ ಗಾಲಿಯ ಮೂತಿಯನ್ನು ತುಸು ಒಳಮುಖವಾಗಿಯೂ, ಮೋಟಾರ್‌ಸೈಕಲ್ಲನ್ನು ತುಸು ಹೊರಕ್ಕೆ ವಾಲಿಸಿಯೂ ಕೂಡಿಸಬೇಕು. ಚಿಕ್ಕ ಎಂಜಿನ್ನಾದರೆ ಮುಂದಿನ ಹಲ್ಲುಚಕ್ರವನ್ನೂ ಸಣ್ಣದು ಮಾಡಬೇಕು. ಚೆಕೊಸ್ಲೊವಾಕಿಯದಲ್ಲಿ ಜಾವಾಕ್ಕೆ ವೆಲೊರೆಕ್ಸ್ ಎಂಬ ಸೈಡ್‌ಕಾರ್ ಕೂಡಿಸುತ್ತಿದ್ದುದುಂಟು. ಆದುದರಿಂದ ಇದು ಆಗದ ಮಾತಲ್ಲ. ಆದರೆ ಊರ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಮಧ್ಯಾಹ್ನಕ್ಕೆ ಮುಗಿಯುವ ಮಾತೂ ಅಲ್ಲ.

ಕಾನೂನನ್ನೂ ನೋಡಬೇಕು. ಕಳಚಿ ಇಡಬಹುದಾದ ಸೈಡ್‌ಕಾರನ್ನು ಮೋಟಾರ್‌ಸೈಕಲ್ಲಿನ ಭಾಗವೆಂದೇ ಮೋಟಾರು ವಾಹನ ಕಾಯಿದೆ ಎಣಿಸುತ್ತದೆ. ಆದರೆ ಕಾರ್ಖಾನೆಯ ಮೂಲ ವಿವರಗಳಿಗೆ ಒಪ್ಪದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರಲ್ಲಿ ಸ್ಪಷ್ಟಪಡಿಸಿತು. 50 ವರ್ಷ ಮೀರಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂದಿತು. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಗಾಡಿ ಮೂಲರೂಪದಲ್ಲಿರಬೇಕು, ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸಬಾರದು. ಚೌಕಟ್ಟನ್ನು ಕೊಯ್ದವರು ಆ ಬಾಗಿಲನ್ನು ತಾವೇ ಮುಚ್ಚಿಕೊಂಡಂತೆ.

ಇಷ್ಟೆಲ್ಲ ಚರ್ಚೆಯನ್ನು ತಂದೆಯವರು ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು. ಕೊನೆಗೆ ಮೊಮ್ಮಗನನ್ನು ಕರೆದು, "ನನ್ನ ಸಲುವಾಗಿ ಅದನ್ನ ಕೊಯ್ಯಬ್ಯಾಡಪ್ಪಾ. ಮೊದಲ ಅದರ ಸಪ್ಪಳ ಕೇಳಸು" ಎಂದರು.

ಹುಡುಗ ಹಸಿರು ಬಣ್ಣದ ಮಾತು ಬಿಟ್ಟ. ಬಿಚ್ಚಿದ ಪ್ರತಿಯೊಂದು ತುಣುಕಿಗೂ ಚೀಟಿ ಕಟ್ಟಿ, ಚಿತ್ರ ತೆಗೆದಿಟ್ಟ. ಬದಲಾಯಿಸಿದ ಹಳೆಯ ಭಾಗಗಳನ್ನು ಒಂದು ಡಬ್ಬಿಯಲ್ಲಿ ಕಾಪಿಟ್ಟ. ಮೂರು ವಾರದ ತರುವಾಯ ಒಂದು ಸಂಜೆ ಎಂಜಿನ್ ಕೆಮ್ಮಿತು, ನೀಲಿ ಹೊಗೆ ಬಿಟ್ಟಿತು, ಆಮೇಲೆ ಹದಕ್ಕೆ ಬಂದು ಮಾತಾಡತೊಡಗಿತು. ತಂದೆಯವರು ಕಣ್ಣು ಮುಚ್ಚಿ ಕೇಳಿದರು. "ಇನ್ನೂ ಸ್ವಲ್ಪ ಪೆಟ್ರೋಲ್ ಹೆಚ್ಚಾಗ್ಯಾದ" ಎಂದರು. ಮಿಸ್ತ್ರಿ ಕಾರ್ಬುರೇಟರ್ ತಿರುಪು ತಿದ್ದಿದರು. ಅವರ ಮಾತೇ ನಿಜವಾಯಿತು.

ಕಾಲುವೆಯ ನೀರನ್ನು ನೋಡಲು ತಂದೆಯವರನ್ನು ಆಟೋದಲ್ಲಿ ಕರೆದೊಯ್ದೆವು. ಸೈಡ್‌ಕಾರಿನ ಆಸೆಯನ್ನು ಹುಡುಗ ಬಿಟ್ಟಿಲ್ಲ. ಚೌಕಟ್ಟಿಗೆ ಬೆಸುಗೆ ಹಾಕದೆ ಹಿಡಿಕೆಗಳಿಂದ ಬಿಗಿಯುವ ನಕ್ಷೆ ಬರೆದಿದ್ದಾನೆ. ಸಾರಿಗೆ ಕಚೇರಿಯ ಒಪ್ಪಿಗೆ ಸಿಕ್ಕರೆ ಮಾಡಲಿ.

ನಿಮ್ಮ ಹಿತ್ತಲಿನ ಗಾಡಿಗೂ ನಾನು ಹೇಳುವುದು ಇಷ್ಟೆ. ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಕಾಗದದೊಡನೆ ತಾಳೆ ನೋಡಿ. ಮೊದಲು ಅದು ಇದ್ದಂತೆ ಎಬ್ಬಿಸಿ, ಅನಂತರ ಅಂದಗೊಳಿಸಿ. ಏನನ್ನು ಕೂಡಿಸಿದರೂ ನಾಳೆ ಇನ್ನೊಬ್ಬರು ಬಿಚ್ಚಿ ಮೊದಲಿನಂತೆ ಮಾಡಲು ಬರುವಂತೆ ಕೂಡಿಸಿ. ಮನೆಯಲ್ಲಿ ಅದನ್ನು ಓಡಿಸಿದ ಹಿರಿಯರಿದ್ದರೆ, ಬಣ್ಣದ ಡಬ್ಬಿ ತೆರೆಯುವ ಮುನ್ನ ಅವರನ್ನೊಮ್ಮೆ ಕೇಳಿ.